ಹೊಸ ಯಂತ್ರ ಬಂತು. ಹಳೆಯ ಒಲೆ ಆರಿತೆ?

ಇತ್ತೀಚಿನ ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ಒಂದು ಹೊಸ ಬಗೆಯ ಉದ್ಘಾಟನಾ ಭಾಷಣ ಹುಟ್ಟಿಕೊಂಡಿದೆ. ಮಂತ್ರಿಗಳು ಬರುತ್ತಾರೆ, ಗುಂಡಿ ಒತ್ತುತ್ತಾರೆ, "ಈ ಯೋಜನೆಯಿಂದ ಇಷ್ಟು ಲಕ್ಷ ಟನ್ ಇಂಗಾಲ ಕಡಮೆಯಾಯಿತು" ಎಂದು ಘೋಷಿಸುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ. ಎಲ್ಲಿ ಕಡಮೆಯಾಯಿತು, ಯಾವ ಚಿಮಣಿಯ ಹೊಗೆ ನಿಂತಿತು, ಯಾವ ತಾರೀಖಿನಿಂದ ನಿಂತಿತು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ. ಹೊಸ ಯಂತ್ರ ಬಂದ ಮಾತ್ರಕ್ಕೆ ಹಳೆಯ ಒಲೆ ತಾನಾಗಿ ಆರುವುದಿಲ್ಲ. ಅದನ್ನು ಯಾರಾದರೂ ಆರಿಸಬೇಕು. ಆರಿಸುವ ಅಧಿಕಾರ ಯಾರ ಕೈಯಲ್ಲಿದೆ, ಆರಿಸಿದಾಗ ಯಾರ ಅನ್ನಕ್ಕೆ ಕಲ್ಲು ಬೀಳುತ್ತದೆ, ಆರಿಸದಿದ್ದರೆ ಯಾರ ಹೊಲಕ್ಕೆ ಬೂದಿ ಬೀಳುತ್ತದೆ ಎಂಬುದು ವಿಜ್ಞಾನದ ಪ್ರಶ್ನೆಯಲ್ಲ, ರಾಜಕೀಯದ ಪ್ರಶ್ನೆ.

ಮೊದಲು ಶೋಧಕರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿಲಿಕಾನಿನ ಸೌರಕೋಶವನ್ನು ತೋರಿಸಿದಾಗ ಅದು ಬಿದ್ದ ಬಿಸಿಲಿನ ನೂರರಲ್ಲಿ ಆರು ಪಾಲನ್ನಷ್ಟೇ ವಿದ್ಯುತ್ತಾಗಿಸುತ್ತಿತ್ತು. ಉಪಗ್ರಹಗಳಿಗಲ್ಲದೆ ಬೇರೆಲ್ಲಿಯೂ ಬಳಸಲಾಗದಷ್ಟು ದುಬಾರಿ ವಸ್ತು ಅದು. ಇಂದು ಮಾರುಕಟ್ಟೆಯಲ್ಲಿರುವ ಫಲಕಗಳು ಇಪ್ಪತ್ತು ಪಾಲಿಗಿಂತ ಹೆಚ್ಚನ್ನು ಹಿಡಿಯುತ್ತವೆ. 2010ರಿಂದ 2020ರ ಹತ್ತೇ ವರ್ಷಗಳಲ್ಲಿ ಫಲಕದ ಬೆಲೆ ಹತ್ತರಲ್ಲಿ ಒಂಬತ್ತು ಪಾಲು ಇಳಿಯಿತು. ಮನುಷ್ಯನ ಬುದ್ಧಿ ಹಾಗೂ ದುಡಿಮೆಗಳು ಕೂಡಿ ಮಾಡಿದ ದೊಡ್ಡ ಕೆಲಸ ಇದು. ಇದನ್ನು ಹಗುರಾಗಿ ಕಾಣುವವನು ಸಮಾಜವಾದಿಯಲ್ಲ. ಆದರೆ ಶೋಧದ ಫಲ ಒಂದು ಪ್ರದೇಶದ ಗಾಳಿಗೆ ಮುಟ್ಟಿತೋ ಇಲ್ಲವೋ ಎಂಬುದನ್ನು ಆ ಪ್ರದೇಶದಲ್ಲಿಯೇ ನಿಂತು ನೋಡಬೇಕು. ಕರ್ನಾಟಕಕ್ಕಿಂತ ಒಳ್ಳೆಯ ಉದಾಹರಣೆಗಾಗಿ ನಾವು ದೂರ ಹೋಗಬೇಕಾಗಿಲ್ಲ.

ಪಾವಗಡದ ಬಿಸಿಲು, ರಾಯಚೂರಿನ ಹೊಗೆ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಬರಕ್ಕೆ ಹೆಸರಾದದ್ದು. ಅಲ್ಲಿನ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ ನೆಲದ ಮೇಲೆ ಸೌರಫಲಕಗಳು ಎದ್ದಿವೆ. 2018ರ ಮಾರ್ಚಿಯಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. 2019ರ ಕೊನೆಗೆ ಇಡೀ ಸೌರ ಉದ್ಯಾನ ಕೆಲಸಕ್ಕೆ ಬಂತು. ಅದರ ಸಾಮರ್ಥ್ಯ 2,050 ಮೆಗಾವಾಟ್.

ಶಾಲೆಯ ಹಲಗೆಯ ಮೇಲೆ ಹಾಕುವಂತೆ ಲೆಕ್ಕ ಹಾಕಿ ನೋಡೋಣ. ನಮ್ಮ ಬಯಲುಸೀಮೆಯ ಬಿಸಿಲಿಗೆ ಒಂದು ಮೆಗಾವಾಟ್ ಫಲಕ ವರ್ಷಕ್ಕೆ ಸುಮಾರು 20 ಲಕ್ಷ ಯೂನಿಟ್ ವಿದ್ಯುತ್ ಕೊಡುತ್ತದೆ. 2,050 ಮೆಗಾವಾಟಿಗೆ ಸುಮಾರು 400 ಕೋಟಿ ಯೂನಿಟ್ ಆಯಿತು. ಕಲ್ಲಿದ್ದಲನ್ನು ಸುಟ್ಟು ಒಂದು ಯೂನಿಟ್ ತೆಗೆದರೆ ಸುಮಾರು ಒಂದು ಕಿಲೋ ಇಂಗಾಲಾಮ್ಲ ವಾಯು ಆಕಾಶಕ್ಕೆ ಹೋಗುತ್ತದೆ. ಇಂದಿನ ಮಕ್ಕಳು ಅದನ್ನು ಕಾರ್ಬನ್ ಡೈಆಕ್ಸೈಡ್ ಎಂದು ಓದುತ್ತಾರೆ. ಸುಟ್ಟ ಕಲ್ಲಿದ್ದಲಿಗಿಂತ ಹೊಗೆಯ ತೂಕವೇ ಹೆಚ್ಚು ಹೇಗೆ ಎಂದು ಯಾರೂ ಬೆರಗಾಗಬೇಕಿಲ್ಲ: 12 ತೂಕದ ಇಂಗಾಲ ಗಾಳಿಯಲ್ಲಿನ 32 ತೂಕದ ಆಮ್ಲಜನಕವನ್ನು ಕೂಡಿಕೊಂಡು 44 ಆಗುತ್ತದೆ. ಹಾಗಾದರೆ ಪಾವಗಡದ 400 ಕೋಟಿ ಯೂನಿಟ್ ಕಲ್ಲಿದ್ದಲಿನ 400 ಕೋಟಿ ಯೂನಿಟ್ಟನ್ನು ತಳ್ಳಿ ಹಾಕಿದ್ದೇ ಆದರೆ ವರ್ಷಕ್ಕೆ 40 ಲಕ್ಷ ಟನ್ ಇಂಗಾಲಾಮ್ಲ ಉಳಿಯುತ್ತದೆ. ಮಂತ್ರಿಗಳ ಭಾಷಣದ ಅಂಕಿ ಹುಟ್ಟುವುದು ಇಂಥ ಲೆಕ್ಕದಿಂದಲೇ. ಇಡೀ ಲೆಕ್ಕ ನಿಂತಿರುವುದು "ತಳ್ಳಿ ಹಾಕಿದ್ದೇ ಆದರೆ" ಎಂಬ ಮೂರು ಮಾತುಗಳ ಮೇಲೆ.

ಈಗ ಕೃಷ್ಣಾ ತೀರಕ್ಕೆ ಬನ್ನಿ. ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಉರಿಯತೊಡಗಿತು. ಇಂದು ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಪಾವಗಡದಲ್ಲಿ ಫಲಕಗಳು ಏಳುತ್ತಿದ್ದ ಹೊತ್ತಿನಲ್ಲೇ, 2016ರಿಂದ 2018ರ ಒಳಗೆ, ಇದೇ ಕರ್ನಾಟಕದಲ್ಲಿ ಇನ್ನೇನೇನು ಎದ್ದವು? ರಾಯಚೂರಿನ ಪಕ್ಕದ ಯರಮರಸಿನಲ್ಲಿ 1,600 ಮೆಗಾವಾಟ್. ಬಳ್ಳಾರಿಯ ಕುಡಿತಿನಿಯಲ್ಲಿ ಮೂರನೆಯ ಘಟಕ, 700 ಮೆಗಾವಾಟ್. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಕೇಂದ್ರ ಸರಕಾರದ ಎನ್‌ಟಿಪಿಸಿಯದು 2,400 ಮೆಗಾವಾಟ್. ಕೂಡಿಸಿದರೆ 4,700 ಮೆಗಾವಾಟ್, ಎಲ್ಲವೂ ಕಲ್ಲಿದ್ದಲು. ಒಂದು ಕೈಯಲ್ಲಿ ಬಿಸಿಲನ್ನು ಹಿಡಿದ ಸರಕಾರ ಇನ್ನೊಂದು ಕೈಯಲ್ಲಿ ಅದರ ಇಮ್ಮಡಿಗೂ ಮಿಕ್ಕಿ ಇದ್ದಲಿನ ಒಲೆ ಹೂಡಿತು. ಬಿಸಿಲಿನದು ಭಾಷಣಕ್ಕೆ ಬಂತು, ಒಲೆಯದು ಕಡತದಲ್ಲಿ ಉಳಿಯಿತು.

ಈ ಹೊಸ ಒಲೆಗಳೂ "ಸುಧಾರಿತ ತಂತ್ರಜ್ಞಾನ"ದವೇ ಎಂದು ಅಧಿಕಾರಿಗಳು ಹೇಳುತ್ತಾರೆ. ಮಾತು ಸುಳ್ಳಲ್ಲ. ಹಬೆಯನ್ನು ಹೆಚ್ಚಿನ ಒತ್ತಡಕ್ಕೂ ಕಾವಿಗೂ ಏರಿಸುವುದರಿಂದ ಒಂದು ಯೂನಿಟ್ಟಿಗೆ ಬೇಕಾಗುವ ಇದ್ದಲು ಸ್ವಲ್ಪ ಕಡಮೆಯಾಗುತ್ತದೆ. ಆದರೆ ಯರಮರಸಿನ ಹೊಸ ಒಲೆ ಬಂದಾಗ ಶಕ್ತಿನಗರದ ಹಳೆಯ ಒಲೆಯನ್ನು ಮುಚ್ಚಲಿಲ್ಲ. ಒಂದು ಯೂನಿಟ್ಟಿನ ಲೆಕ್ಕದಲ್ಲಿ ಹೊಗೆ ಇಳಿದರೂ ಜಿಲ್ಲೆಯಲ್ಲಿ ಇದ್ದಲು ಸುಡುವ ಶಕ್ತಿ ಹೆಚ್ಚುಕಡಮೆ ಇಮ್ಮಡಿಯಾಯಿತು. ಗಾಳಿಗೆ ಯೂನಿಟ್ಟಿನ ಸರಾಸರಿ ಗೊತ್ತಿಲ್ಲ. ಒಟ್ಟು ಎಷ್ಟು ಸುಟ್ಟಿರಿ ಎಂಬುದಷ್ಟೇ ಅದಕ್ಕೆ ಗೊತ್ತು.

ಇದು ಹೊಸ ಗುಟ್ಟೇನಲ್ಲ. 1865ರಲ್ಲಿಯೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ತನ್ನ ದೇಶದ ಇದ್ದಲಿನ ಪ್ರಶ್ನೆಯನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನು ತೋರಿಸಿದ್ದ. ಜೇಮ್ಸ್ ವಾಟನ ಹಬೆಯಂತ್ರ ಹಳೆಯ ಯಂತ್ರಗಳಿಗಿಂತ ಬಹಳ ಕಡಮೆ ಇದ್ದಲು ತಿನ್ನುತ್ತಿತ್ತು. ಅದರಿಂದ ಇಂಗ್ಲೆಂಡಿನ ಇದ್ದಲು ಉಳಿಯಿತೆ? ಇಲ್ಲ. ಯಂತ್ರ ಅಗ್ಗವಾದ್ದರಿಂದ ಗಿರಣಿಗೂ ಗಣಿಗೂ ರೈಲಿಗೂ ಅದೇ ಯಂತ್ರ ಹೋಯಿತು, ಇದ್ದಲಿನ ಬಳಕೆ ಏರುತ್ತಲೇ ಹೋಯಿತು. ಉಳಿತಾಯದ ಯಂತ್ರ ಲಾಭದ ಕೈಗೆ ಸಿಕ್ಕರೆ ಉಳಿದದ್ದನ್ನು ಮತ್ತೆ ಸುಡುವ ದಾರಿಯನ್ನೇ ಹುಡುಕುತ್ತದೆ.

ಸಾಮರ್ಥ್ಯ ಬೇರೆ, ಸಂಜೆಯ ದೀಪ ಬೇರೆ

2025ರ ಜೂನ್ ಅಂತ್ಯಕ್ಕೆ ಭಾರತದ ಒಟ್ಟು ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಭಾಗ ಕಲ್ಲಿದ್ದಲು, ಅನಿಲ, ತೈಲಗಳಿಂದ ಹೊರತಾದದ್ದು ಎಂದು ಕೇಂದ್ರ ಸರಕಾರ ಘೋಷಿಸಿತು. ಸಂತೋಷದ ಸಂಗತಿಯೇ. ಆದರೆ 2024-25ರಲ್ಲಿ ದೇಶದಲ್ಲಿ ನಿಜವಾಗಿ ಉತ್ಪನ್ನವಾದ ವಿದ್ಯುತ್ತಿನಲ್ಲಿ ಮುಕ್ಕಾಲರ ಹತ್ತಿರದ ಪಾಲು ಇದ್ದಲಿನದೇ. ಕೊಟ್ಟಿಗೆಯಲ್ಲಿ ಎಷ್ಟು ಹಸು ಇವೆ ಎಂಬುದು ಒಂದು ಲೆಕ್ಕ, ಚೊಂಬಿಗೆ ಎಷ್ಟು ಹಾಲು ಬಿತ್ತು ಎಂಬುದು ಇನ್ನೊಂದು. ಸೂರ್ಯ ಮುಳುಗಿದ ಮೇಲೆ ಫಲಕ ಕೊಡುವುದು ಸೊನ್ನೆ. ದೇಶವೆಲ್ಲ ದೀಪ ಹಚ್ಚುವುದು, ಒಲೆ ಹೊತ್ತಿಸುವುದು, ಪಟ್ಟಣದ ತಂಪುಯಂತ್ರಗಳು ತಿರುಗುವುದು ಸಂಜೆ ಆರರ ಮೇಲೆ.

ಇದ್ದಲಿನ ಘಟಕವನ್ನು ಬೆಳಗ್ಗೆ ಆರಿಸಿ ಸಂಜೆ ಹೊತ್ತಿಸುವುದು ಮನೆಯ ಒಲೆಯಷ್ಟು ಸುಲಭವಲ್ಲ. ಆದ್ದರಿಂದ ಮಧ್ಯಾಹ್ನವೂ ಅದನ್ನು ಸಣ್ಣ ಉರಿಯಲ್ಲಿ ಇಟ್ಟಿರುತ್ತಾರೆ. ಈ ಸಣ್ಣ ಉರಿ ಘಟಕದ ಸಾಮರ್ಥ್ಯದ ನೂರಕ್ಕೆ 55ರವರೆಗೆ, ಮುಂದೆ ಹಂತಹಂತವಾಗಿ 40ರವರೆಗೆ ಇಳಿಯುವಂತಿರಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ನಿಯಮ ಮಾಡಿದೆ. ಅಂದರೆ ನೆತ್ತಿಯ ಮೇಲೆ ಸೂರ್ಯ ಉರಿಯುವಾಗಲೂ ಕೆಳಗೆ ಇದ್ದಲು ಉರಿಯುತ್ತಲೇ ಇರುತ್ತದೆ. ಬೇಡಿಕೆ ಸಾಲದಾದರೆ ಫಲಕಗಳಿಗೇ "ಸಾಕು, ನಿಲ್ಲಿ" ಎಂಬ ಆಜ್ಞೆ ಹೋಗುವುದೂ ಉಂಟು. ಇದರ ಮೇಲೆ ಕರಾರಿನ ಕಟ್ಟು ಬೇರೆ. ಉರಿದರೂ ಉರಿಯದಿದ್ದರೂ ಘಟಕಕ್ಕೆ ಸ್ಥಿರ ಶುಲ್ಕ ಕೊಡಬೇಕು ಎಂದು ಇಪ್ಪತ್ತೈದು ವರ್ಷಗಳ ಮಟ್ಟಿಗೆ ಬರೆದುಕೊಟ್ಟ ಮೇಲೆ ವಿದ್ಯುತ್ ಕಂಪನಿಗೆ ಆ ಒಲೆಯನ್ನು ಮುಚ್ಚುವ ಮನಸ್ಸಾದರೂ ಹೇಗೆ ಬಂದೀತು?

ಬಿಸಿಲಿನ ವಿದ್ಯುತ್ತಿನಿಂದ ಏನೂ ಆಗಲಿಲ್ಲ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಮಳೆಯಾದ ವರ್ಷಗಳಲ್ಲಿ ಗಾಳಿ, ನೀರು, ಬಿಸಿಲು ಮೂರೂ ಕೂಡಿ ಬಂದು ಶಕ್ತಿನಗರದ ಘಟಕಗಳು ವಾರಗಟ್ಟಲೆ ನಿಂತದ್ದುಂಟು. ಆ ದಿನಗಳಲ್ಲಿ ಇಂಗಾಲ ನಿಜವಾಗಿಯೂ ಇಳಿಯಿತು. ಆದರೆ 2023ರಲ್ಲಿ ಮಳೆ ಕೈಕೊಟ್ಟಿತು. ಜಲಾಶಯಗಳು ತಳ ಕಂಡವು, ಪಂಪುಸೆಟ್ಟುಗಳ ಬೇಡಿಕೆ ಏರಿತು. ಅಕ್ಟೋಬರಿನಲ್ಲಿ ವಿದ್ಯುತ್ ಕಾಯಿದೆಯ 11ನೆಯ ಕಲಮನ್ನು ಪ್ರಯೋಗಿಸಿ, ರಾಜ್ಯದ ಉತ್ಪಾದಕರು ಹೊರಗೆ ಮಾರಬಾರದೆಂದು ಸರಕಾರ ಆಜ್ಞೆ ಹೊರಡಿಸಬೇಕಾಯಿತು. ನಿಂತಿದ್ದ ಒಲೆಗಳೆಲ್ಲ ಮತ್ತೆ ಉರಿದವು. ಅವು ಆರಿರಲಿಲ್ಲ, ಬೂದಿ ಮುಚ್ಚಿದ ಕೆಂಡವಾಗಿದ್ದವು. ಬಿಸಿಲಿನ ತಂತ್ರಜ್ಞಾನಕ್ಕೆ ಸಂಜೆಯ ಮತ್ತು ಬರಗಾಲದ ಉತ್ತರ ಸಿಗುವವರೆಗೆ ರಾಯಚೂರಿನ ಹೊಗೆ ಇಳಿಯುವುದು ವರುಣನ ಕೃಪೆಯಿಂದಲೇ ಹೊರತು ಮಂತ್ರಿಗಳಿಂದಲ್ಲ.

ಇನ್ನೊಂದು ಮೋಸವೂ ಲೆಕ್ಕದ ಪುಸ್ತಕದಲ್ಲಿದೆ. ಇಂಗಾಲವನ್ನು ಸುಟ್ಟ ಊರಿನ ಹೆಸರಿನಲ್ಲಿ ಬರೆದರೆ ರಾಯಚೂರು, ಬಳ್ಳಾರಿ, ವಿಜಯಪುರಗಳು ಪಾಪಿಗಳು. ಆದರೆ ಆ ವಿದ್ಯುತ್ತಿನ ದೊಡ್ಡ ಪಾಲೊಂದು ಉರಿಯುವುದು ಎಲ್ಲಿ? ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ, ಕಾರ್ಖಾನೆಗಳಲ್ಲಿ, ಮಾಲುಗಳಲ್ಲಿ. ಬೂದಿಹೊಂಡ ಶಕ್ತಿನಗರಕ್ಕೆ, ಬೆಳಕು ರಾಜಧಾನಿಗೆ, "ಹಸಿರು ನಗರ" ಎಂಬ ಬಿರುದೂ ರಾಜಧಾನಿಗೇ! ಇದೇ ಆಟ ದೇಶದೇಶಗಳ ನಡುವೆಯೂ ನಡೆದಿದೆ. ಜಗತ್ತಿನ ಸೌರಫಲಕಗಳ ತಯಾರಿಕೆಯಲ್ಲಿ ನೂರಕ್ಕೆ 80ಕ್ಕೂ ಮೀರಿದ ಪಾಲು ಚೀನಾದ್ದು. ಫಲಕಕ್ಕೆ ಬೇಕಾದ ಸಿಲಿಕಾನಿನಲ್ಲಿ ಬಹಳಷ್ಟು ಷಿನ್‌ಜಿಯಾಂಗ್ ಪ್ರಾಂತದಲ್ಲಿ ಇದ್ದಲಿನ ವಿದ್ಯುತ್ತಿನಿಂದ ಕರಗಿದ್ದು. ಫಲಕ ತನ್ನನ್ನು ಮಾಡಲು ತಗಲಿದ ಶಕ್ತಿಯನ್ನು ಒಂದೆರಡು ವರ್ಷಗಳಲ್ಲಿಯೇ ತೀರಿಸುತ್ತದೆ ಎಂಬುದು ನಿಜ, ಆದ್ದರಿಂದ ಒಟ್ಟಿನಲ್ಲಿ ಲಾಭವೇ. ಆದರೆ ಒಂದು ಪ್ರದೇಶದ ಹೊಗೆ ಇಳಿದದ್ದನ್ನು ತೋರಿಸುವವರು ಇನ್ನೊಂದು ಪ್ರದೇಶದಲ್ಲಿ ಏರಿದ್ದನ್ನೂ ತೋರಿಸಬೇಕು.

ಒಲೆ ಆರಿದ್ದು ಹೇಗೆ?

ಹೊಸ ಯಂತ್ರ ಬಂದು ಹಳೆಯ ಒಲೆ ನಿಜವಾಗಿ ಆರಿದ ಊರುಗಳೂ ಇವೆ. ಅವುಗಳಿಂದ ಕಲಿಯೋಣ. 1882ರಲ್ಲಿ ಲಂಡನ್ನಿನಲ್ಲಿ ಮೊದಲ ಇದ್ದಲಿನ ವಿದ್ಯುತ್ ಕೇಂದ್ರ ತೆರೆದ ಬ್ರಿಟನ್ 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಇದ್ದಲಿನ ಕೇಂದ್ರವನ್ನು ಮುಚ್ಚಿತು. ಸಮುದ್ರದ ಗಾಳಿಯಂತ್ರಗಳು ಬಂದವು ಎಂಬುದೊಂದೇ ಇದಕ್ಕೆ ಕಾರಣವಲ್ಲ. ಇಂಗಾಲಕ್ಕೆ 2013ರಿಂದ ಕನಿಷ್ಠ ಬೆಲೆ ಕಟ್ಟಿದರು. ಇಂಥ ವರ್ಷದೊಳಗೆ ಇದ್ದಲು ನಿಲ್ಲಬೇಕು ಎಂದು ಮುಂಚಿತವಾಗಿಯೇ ಸಾರಿದರು. ಅಂಕುಶವಿಲ್ಲದೆ ಆನೆ ಹಿಂದಕ್ಕೆ ಸರಿಯಲಿಲ್ಲ.

ನಮ್ಮ ದೇಶದಲ್ಲಿಯೇ ಎಲ್‌ಇಡಿ ಬಲ್ಬಿನ ಕಥೆ ನೋಡಿ. 2014ರಲ್ಲಿ ಸರಕಾರದ ಸಂಸ್ಥೆ ಸಗಟಾಗಿ ಕೊಳ್ಳುವಾಗ ಒಂದು ಬಲ್ಬಿಗೆ 310 ರೂಪಾಯಿ ಬೀಳುತ್ತಿತ್ತು. 2015ರಿಂದ ಉಜಾಲಾ ಯೋಜನೆಯಲ್ಲಿ ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಕೊಂಡದ್ದರಿಂದ ಎರಡೇ ವರ್ಷಗಳಲ್ಲಿ ಬೆಲೆ 38 ರೂಪಾಯಿಗೆ ಇಳಿಯಿತು. 36 ಕೋಟಿಗೂ ಹೆಚ್ಚು ಬಲ್ಬುಗಳು ಮನೆಮನೆಗೆ ಹೋದವು. 60 ವಾಟಿನ ಹಳೆಯ ಬಲ್ಬಿದ್ದಲ್ಲಿ 9 ವಾಟಿನದು ಬಂತು. ಬಡವನ ಗುಡಿಸಲಿನ ಬಿಲ್ಲೂ ಇಳಿಯಿತು, ಸಂಜೆಯ ಹೊರೆಯೂ ಇಳಿಯಿತು. ಇಲ್ಲಿ ಶೋಧ ಜಪಾನೀ ವಿಜ್ಞಾನಿಗಳದು. ಅದನ್ನು ಬಡವನ ಮನೆಗೆ ಮುಟ್ಟಿಸಿದ್ದು ಸಾರ್ವಜನಿಕ ಖರೀದಿ. ಮಾರುಕಟ್ಟೆಗೇ ಬಿಟ್ಟಿದ್ದರೆ ಆ ಬಲ್ಬು ಇನ್ನೂ ಎಷ್ಟು ವರ್ಷ ಬಂಗಲೆಗಳಲ್ಲಿಯೇ ಉರಿಯುತ್ತಿತ್ತೋ!

ಮೂರನೆಯದು ನಮ್ಮ ರೈತನದು. ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪುಸೆಟ್ಟುಗಳಿವೆ. ಮೊದಲು ಅವಕ್ಕೆ ರಾತ್ರಿ ವಿದ್ಯುತ್ ಕೊಡುತ್ತಿದ್ದರು. ಹಾವು ಚೇಳುಗಳ ಭಯದಲ್ಲಿ ಬ್ಯಾಟರಿ ಹಿಡಿದು ರೈತ ಗದ್ದೆಗೆ ನೀರು ಕಟ್ಟುತ್ತಿದ್ದ. ಬಿಸಿಲಿನ ವಿದ್ಯುತ್ ಹೆಚ್ಚಿದ ಮೇಲೆ ಬಹಳಷ್ಟು ಪಂಪುಗಳಿಗೆ ಹಗಲಿನಲ್ಲಿ ವಿದ್ಯುತ್ ಕೊಡಲು ಸಾಧ್ಯವಾಯಿತು. ಬಿಸಿಲು ಇದ್ದಾಗಲೇ ಅದನ್ನು ಬಳಸಿದ್ದರಿಂದ ಇದ್ದಲೂ ಉಳಿಯಿತು, ರೈತನ ನಿದ್ದೆಯೂ ಉಳಿಯಿತು. ಹೊಸ ಯಂತ್ರವನ್ನು ಜನರ ದಿನಚರಿಗೆ ಹೊಂದಿಸಿದಲ್ಲಿ ಫಲ ಬರುತ್ತದೆ.

ಈ ದಾರಿಯನ್ನು ನಮ್ಮವರೇ ಬಹಳ ಹಿಂದೆ ತೋರಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಕಟ್ಟಿದ ಅಮೂಲ್ಯ ರೆಡ್ಡಿಯವರು, ಸರಕಾರ ಅಣೆಕಟ್ಟು ಮತ್ತು ಇದ್ದಲಿನ ಕೇಂದ್ರಗಳ ಉದ್ದನೆಯ ಪಟ್ಟಿ ತಯಾರಿಸುತ್ತಿದ್ದಾಗ, ಒಂದು ಸರಳ ಪ್ರಶ್ನೆ ಹಾಕಿದರು: ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ವಿದ್ಯುತ್ ಬೇಕು? ಮೊದಲು ಅದನ್ನು ಲೆಕ್ಕ ಹಾಕಿ, ಬಳಕೆಯ ಯಂತ್ರಗಳನ್ನು ಸುಧಾರಿಸಿದರೆ ಸರಕಾರ ಹೇಳುವುದಕ್ಕಿಂತ ಬಹಳ ಕಡಮೆ ವಿದ್ಯುತ್ತಿನಲ್ಲಿ ಕರ್ನಾಟಕದ ಮನೆಮನೆಗೂ ದೀಪ ಕೊಡಬಹುದು ಎಂದು ಅವರೂ ಅವರ ಜೊತೆಗಾರರೂ ಅಂಕಿ ಅಂಶಗಳೊಡನೆ ತೋರಿಸಿದರು. ಇದೇ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ 1987ರಲ್ಲಿ ಊರಿನ ಸಗಣಿಯ ಅನಿಲದಿಂದ ಯಂತ್ರ ಓಡಿಸಿ ಮನೆಗಳಿಗೆ ದೀಪ, ನಲ್ಲಿಗೆ ನೀರು ಕೊಟ್ಟರು. ಒಂದೇ ಜಿಲ್ಲೆಯ ಎರಡು ಪ್ರಯೋಗಗಳು: ಒಂದರಲ್ಲಿ ಹಳ್ಳಿಯ ಶಕ್ತಿ ಹಳ್ಳಿಗೆ, ಇನ್ನೊಂದರಲ್ಲಿ ಹಳ್ಳಿಯ ಶಕ್ತಿ ತಂತಿಯೇರಿ ಪಟ್ಟಣಕ್ಕೆ. ಚಿಕ್ಕದು ಸಾಕು, ದೊಡ್ಡದು ಬೇಡ ಎಂಬುದು ನನ್ನ ವಾದವಲ್ಲ, ಎರಡೂ ಬೇಕು. ಆದರೆ ದೊಡ್ಡದಕ್ಕೆ ಸಿಕ್ಕ ಹಣ ಮತ್ತು ಗಮನದಲ್ಲಿ ಹತ್ತರ ಒಂದು ಪಾಲಾದರೂ ಚಿಕ್ಕದಕ್ಕೆ ಸಿಗಬೇಡವೆ?

ಭಾರ ಹೊರುವವರು ಯಾರು?

ಪಾವಗಡದಲ್ಲಿ ಸರಕಾರದ ಸೌರ ನಿಗಮ ರೈತರಿಂದ ನೆಲವನ್ನು ಕೊಳ್ಳದೆ ಗೇಣಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಭೂಮಿ ರೈತನ ಹೆಸರಿನಲ್ಲಿಯೇ ಉಳಿಯಿತು. ಜಮೀನು ಕಿತ್ತುಕೊಂಡು ಬೀದಿಗೆ ತಳ್ಳುವ ಪದ್ಧತಿಗಿಂತ ಇದು ಎಷ್ಟೋ ಮೇಲು. ಹತ್ತು ಎಕರೆಯ ಒಡೆಯನಿಗೆ ಬರದ ವರ್ಷದಲ್ಲಿಯೂ ಎರಡು ಲಕ್ಷ ಬಂತು. ಆದರೆ ಅದೇ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದ, ಕಳೆ ತೆಗೆಯುತ್ತಿದ್ದ ಭೂಹೀನ ಕೂಲಿಗೆ ಬಂದದ್ದೇನು? ಅವನ ಹೆಸರು ಯಾವ ಪಹಣಿಯಲ್ಲಿಯೂ ಇಲ್ಲ, ಆದ್ದರಿಂದ ಯಾವ ಗೇಣಿ ಚೀಟಿಯಲ್ಲಿಯೂ ಇಲ್ಲ. ಕುರಿ ಮೇಯಿಸುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಫಲಕ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು. ಹಲವರು ಗುಳೆ ಹೊರಟರು.

ಇನ್ನು ಶಕ್ತಿನಗರದ ಗುತ್ತಿಗೆ ಕಾರ್ಮಿಕ. ಇದ್ದಲು ಇಳಿಸುವವನು, ಬೂದಿ ಸಾಗಿಸುವವನು, ಆ ಧೂಳನ್ನು ಶ್ವಾಸಕೋಶದಲ್ಲಿ ತುಂಬಿಕೊಂಡವನು. ಘಟಕ ನಿಂತ ದಿನ ಮೊದಲು ನಿಲ್ಲುವುದು ಅವನ ಕೂಲಿ. "ಒಲೆ ಆರಿಸಿ" ಎಂದು ಕೂಗುವ ನಾವು "ಅವನ ಒಲೆ ಆರದಿರಲಿ" ಎಂದು ಅದೇ ಉಸಿರಿನಲ್ಲಿ ಹೇಳದಿದ್ದರೆ, ಅವನು ಇದ್ದಲಿನ ಪರವಾಗಿ ನಿಂತಾನು; ಅದು ಅವನ ತಪ್ಪಲ್ಲ.

ಸಂಜೆಯ ಉತ್ತರವೆಂದು ಸರಕಾರ ಮುಂದಿಟ್ಟಿರುವುದು ಶರಾವತಿಯ 2,000 ಮೆಗಾವಾಟಿನ ಯೋಜನೆ. ಹಗಲಿನ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಸಂಜೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು ಅದರ ಉಪಾಯ. ಉಪಾಯ ಒಳ್ಳೆಯದೇ, ಆರಿಸಿದ ಜಾಗ ಸಿಂಗಳೀಕಗಳ ಕಾಡು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಮನೆ ಮಠ ಮುಳುಗಿಸಿಕೊಂಡ ಕುಟುಂಬಗಳಲ್ಲಿ ಎಷ್ಟೋ ಮಂದಿ ಇನ್ನೂ ಹಕ್ಕುಪತ್ರಕ್ಕಾಗಿ ಕಚೇರಿಯ ಮೆಟ್ಟಿಲು ಸವೆಸುತ್ತಿದ್ದಾರೆ. ಹಳೆಯ ಸಾಲ ತೀರಿಸದವನು ಅದೇ ಬಾಗಿಲಿಗೆ ಹೊಸ ಸಾಲ ಕೇಳಲು ಬಂದಂತೆ ಇದು. ಬ್ಯಾಟರಿಗಳ ಬೆಲೆಯೂ ಇಳಿಯುತ್ತಿರುವ ಈ ಕಾಲದಲ್ಲಿ ಬೇರೆ ಜಾಗ, ಬೇರೆ ಉಪಾಯಗಳನ್ನು ಜನರ ಮುಂದಿಟ್ಟು ತೂಗಿ ನೋಡಲಿ.

ಎರಡು ಆಕ್ಷೇಪಣೆಗಳಿಗೆ ಉತ್ತರ ಕೊಡಬೇಕು. "ವಿಜ್ಞಾನ ಎಲ್ಲವನ್ನೂ ಬಗೆಹರಿಸುತ್ತದೆ, ನೀವು ರಾಜಕೀಯ ತರಬೇಡಿ" ಎನ್ನುವವರಿಗೆ ಮೇಲಿನ ಲೆಕ್ಕವೇ ಉತ್ತರ. "ಇದೆಲ್ಲ ಶ್ರೀಮಂತ ದೇಶಗಳ ಕುತಂತ್ರ, ನಾವು ಇದ್ದಲು ಸುಟ್ಟೇ ಮುಂದೆ ಬರಬೇಕು" ಎನ್ನುವವರೂ ಇದ್ದಾರೆ. ಭಾರತದವನ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲಾಮ್ಲವಾದರೆ ಅಮೆರಿಕದವನ ತಲೆಗೆ ಸುಮಾರು 14 ಟನ್. ಅವರ ಹೊಣೆ ದೊಡ್ಡದೆಂಬುದು ಖಂಡಿತ. ಆದರೆ ಭಾರತದ ಸರಾಸರಿಯ ಹಿಂದೆ ಬೆಂಗಳೂರಿನ ಬಂಗಲೆಯೂ ಪಾವಗಡದ ಗುಡಿಸಲೂ ಒಟ್ಟಿಗೆ ಅವಿತಿವೆ. ಬಡವನ ಹೆಸರು ಹೇಳಿ ಶ್ರೀಮಂತನ ಹೊಗೆಗೆ ಪರವಾನಗಿ ಕೇಳುವುದು ಹಳೆಯ ಚಾಳಿ. ಮಳೆ ತಪ್ಪಿದಾಗ ಮೊದಲು ಗುಳೆ ಹೋಗುವವನು ಆ ಬಡವನೇ.

ಆದ್ದರಿಂದ ನಾವು ಒತ್ತಾಯಿಸಬೇಕಾದ್ದು ಇಷ್ಟು:

1. ಪ್ರತಿ ಹೊಸ ಸೌರ, ಪವನ ಯೋಜನೆಯ ಮಂಜೂರಾತಿಯೊಡನೆ ಯಾವ ಇದ್ದಲು ಘಟಕವನ್ನು, ಯಾವ ತಾರೀಖಿನೊಳಗೆ ನಿಲ್ಲಿಸಲಾಗುವುದು ಎಂಬುದನ್ನು ಸರಕಾರ ಬರೆದು ಕೊಡಬೇಕು. ಹಳೆಯ ಘಟಕದಿಂದಲೇ ಆರಂಭವಾಗಲಿ.

2. ಪ್ರತಿ ಕೇಂದ್ರದಲ್ಲಿ ತಿಂಗಳಿಗೆ ಸುಟ್ಟ ಇದ್ದಲು, ಹೊರಬಿದ್ದ ಇಂಗಾಲ, ಆ ವಿದ್ಯುತ್ತನ್ನು ಬಳಸಿದ ಜಿಲ್ಲೆ, ಈ ಮೂರನ್ನೂ ಕನ್ನಡದಲ್ಲಿ ಪ್ರಕಟಿಸಿ ಗ್ರಾಮ ಪಂಚಾಯಿತಿಯ ಹಲಗೆಗೆ ಹಚ್ಚಬೇಕು.

3. ಸೌರ ಉದ್ಯಾನಗಳ ಆದಾಯದಲ್ಲಿ ಒಂದು ಪಾಲು ಆ ಹಳ್ಳಿಗಳ ಭೂಹೀನರಿಗೆ ಹಕ್ಕಾಗಿ ಸಲ್ಲಬೇಕು, ದಾನವಾಗಿ ಅಲ್ಲ.

4. ಘಟಕ ನಿಲ್ಲಿಸುವ ಮುನ್ನ ಗುತ್ತಿಗೆ ಕಾರ್ಮಿಕರೂ ಸೇರಿ ಎಲ್ಲರಿಗೂ ಬದಲಿ ಕೆಲಸ, ತರಬೇತಿ, ಅಲ್ಲಿಯವರೆಗೆ ಪೂರ್ಣ ಕೂಲಿ ಕೊಡಬೇಕು.

5. ಪಂಪುಸೆಟ್ಟುಗಳ ಹಗಲಿನ ವಿದ್ಯುತ್ ಎಲ್ಲ ತಾಲ್ಲೂಕುಗಳಿಗೂ ಮುಟ್ಟಬೇಕು. ಸಂಜೆಯ ಸಂಗ್ರಹಕ್ಕೆ ಬ್ಯಾಟರಿಗಳನ್ನು ಎಲ್‌ಇಡಿ ಬಲ್ಬಿನಂತೆ ಸಾರ್ವಜನಿಕವಾಗಿ ಸಗಟು ಖರೀದಿ ಮಾಡಬೇಕು.

2070ಕ್ಕೆ ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರುತ್ತೇವೆ ಎಂದು 2021ರಲ್ಲಿ ಗ್ಲಾಸ್ಗೊ ನಗರದಲ್ಲಿ ನಮ್ಮ ಪ್ರಧಾನಿಗಳು ಜಗತ್ತಿಗೆ ಮಾತು ಕೊಟ್ಟರು. ಆ ವರ್ಷಕ್ಕೆ ಇಂದಿನ ಮಂತ್ರಿಗಳಾರೂ ಉತ್ತರ ಕೊಡಲು ಇರುವುದಿಲ್ಲ. ನಮಗೆ ಬೇಕಾದ್ದು 2070ರ ಸೊನ್ನೆಯಲ್ಲ, ಬರುವ ಬೇಸಗೆಯೊಳಗೆ ಶಕ್ತಿನಗರದ ಯಾವ ಚಿಮಣಿ ನಿಲ್ಲುತ್ತದೆ ಎಂಬ ಉತ್ತರ. ಮುಂದಿನ ಉದ್ಘಾಟನೆಗೆ ಮಂತ್ರಿಗಳು ನಮ್ಮ ಜಿಲ್ಲೆಗೆ ಬಂದಾಗ ಚಪ್ಪಾಳೆ ತಟ್ಟುವ ಮುನ್ನ ಪ್ರತಿಯೊಬ್ಬರೂ ಎದ್ದು ನಿಂತು ಇದೊಂದೇ ಪ್ರಶ್ನೆ ಕೇಳಿ: ಹೊಸದು ಬಂತು, ಸಂತೋಷ, ಹಳೆಯದನ್ನು ಎಂದು ಆರಿಸುತ್ತೀರಿ?